ಟವರ್ ಸಿಗದ ದಾರಿಯಲ್ಲಿ

ಖರೀಫ್ ಹತ್ತಿರ ಬಂತೆಂದರೆ ಮಸ್ಕತ್‌ನ ಕನ್ನಡಿಗರ ಮನೆಗಳಲ್ಲಿ ಸಲಾಲದ ಮಾತು ಶುರುವಾಗುತ್ತದೆ. ಜೂನ್ 21ರಿಂದ ಸೆಪ್ಟೆಂಬರ್ 21ರವರೆಗೆ ಉಳಿದ ಕೊಲ್ಲಿ ನಾಡೆಲ್ಲ ಕಾದ ಕಾವಲಿಯಂತಿದ್ದರೆ, ದೋಫಾರ್ ಬೆಟ್ಟಗಳ ಮೇಲೆ ಮಾತ್ರ ಜಿಟಿಜಿಟಿ ಮಳೆ, ಮಂಜು, ಕಣ್ಣು ತುಂಬುವ ಹಸಿರು. ನಮ್ಮ ಕರಾವಳಿಗೆ ಮಳೆ ತರುವ ಅದೇ ಮುಂಗಾರು ಗಾಳಿಯ ಒಂದು ಅಂಚು ಇಲ್ಲಿಯೂ ತಾಗುತ್ತದೆ. ಹಾಗಾಗಿ ನಮಗೆ ಸಲಾಲ ಅಂದರೆ ಊರಿಗೆ ಹೋಗಲಾಗದ ಮಳೆಗಾಲದಲ್ಲಿ ಸಿಗುವ ಸ್ವಲ್ಪ ಊರು.

ವಿಮಾನದಲ್ಲಾದರೆ ಎರಡು ಗಂಟೆಯೊಳಗೆ ತಲುಪಬಹುದು. ರಸ್ತೆಯಲ್ಲಿ ಸುಮಾರು 1,000 ಕಿಲೋಮೀಟರ್. ಈಚೆಗೆ ಈ ದಾರಿಯನ್ನು ಕ್ಯಾರವಾನ್‌ನಲ್ಲಿ, ಅಂದರೆ ಮಲಗುವ, ಅಡುಗೆ ಮಾಡುವ ವ್ಯವಸ್ಥೆಯಿರುವ ವಾಹನದಲ್ಲಿ ನಿಧಾನವಾಗಿ ಸಾಗುವವರು ಹೆಚ್ಚಾಗುತ್ತಿದ್ದಾರೆ. ಕುವೈತ್, ಸೌದಿ, ಎಮಿರೇಟ್ಸ್‌ಗಳಿಂದಲೂ ಕುಟುಂಬಗಳು ಹೀಗೆ ಬರುತ್ತವೆ. ನಾವು ಎರಡು ಮನೆಯವರು ಸೇರಿ ನಾಲ್ಕು ಸಲ ಹೋಗಿ ಬಂದಿದ್ದೇವೆ. ವಿಷಯ ತಿಳಿದವರು ಕೇಳುವ ಮೊದಲ ಪ್ರಶ್ನೆ ಅಡುಗೆಯದ್ದೂ ಅಲ್ಲ, ಶೌಚಾಲಯದ್ದೂ ಅಲ್ಲ: "ಅಲ್ಲೆಲ್ಲ ನೆಟ್ ಸಿಗುತ್ತದಾ?"

ಈ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ದಾರಿ ತಪ್ಪಿದರೆ ಏನು? ಅಪಾಯವಾದರೆ ಯಾರನ್ನು ಕರೆಯುವುದು, ಹೇಗೆ? ಊರಿನಲ್ಲಿರುವ ಅಪ್ಪ ಅಮ್ಮನಿಗೆ ಸುದ್ದಿ ಹೇಗೆ ಮುಟ್ಟಬೇಕು? ಮೂರಕ್ಕೂ ಉತ್ತರ ಬೇರೆ ಬೇರೆ. ಅದರಲ್ಲಿ ಹೆಚ್ಚಿನದು ಮನೆಯಿಂದ ಹೊರಡುವ ಮೊದಲೇ ಆಗಬೇಕಾದ ಕೆಲಸ.

ಟವರ್ ಎಲ್ಲಿಯವರೆಗೆ?

ನಿಜ್ವಾ, ಆದಂ ದಾಟಿ ಹೈಮಾ ಕಡೆಗೆ ಹೊರಟರೆ ಎರಡೂ ಕಡೆ ಸಪಾಟು ಮರುಭೂಮಿ. ಪಶ್ಚಿಮಕ್ಕೆ ರುಬ್ ಅಲ್ ಖಾಲಿ. ನಾಲ್ಕು ದೇಶಗಳಿಗೆ ಹರಡಿಕೊಂಡಿರುವ, ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರ್‌ನ ಮರಳು ಅದು. ಊರು, ಪೆಟ್ರೋಲ್ ಬಂಕ್ ಇರುವಲ್ಲಿ ಸಿಗ್ನಲ್ ಚೆನ್ನಾಗಿರುತ್ತದೆ. ನಡುವಿನಲ್ಲಿ ತೆಳುವಾಗುತ್ತದೆ. ಹೆದ್ದಾರಿ ಬಿಟ್ಟು ವಾದಿಯೊಳಗೆ ಇಳಿದರೆ ಪೂರ್ತಿ ಹೋಗಿಬಿಡಬಹುದು.

ಫೋನಿನಲ್ಲಿ ಎರಡು ಕಡ್ಡಿ ಕಾಣಿಸುತ್ತಿದ್ದರೂ ಕೆಲವೊಮ್ಮೆ ಕರೆ ಹೋಗುವುದಿಲ್ಲ. ಏಕೆಂದರೆ ಸಂಪರ್ಕ ಎರಡೂ ಕಡೆಯಿಂದ ಆಗಬೇಕು. ಟವರ್‌ಗೆ ದೊಡ್ಡ ಗಂಟಲು, ನಮ್ಮ ಫೋನಿನದ್ದು ಪಿಸುಮಾತು. 4ಜಿ ಫೋನ್ ಸಾಮಾನ್ಯವಾಗಿ ಹೊರಸೂಸುವ ಗರಿಷ್ಠ ಶಕ್ತಿ ಒಂದು ವ್ಯಾಟ್‌ನ ಐದನೇ ಒಂದು ಭಾಗ ಮಾತ್ರ. ಟವರ್ ಕೂಗಿದ್ದು ನಮಗೆ ಕೇಳುತ್ತದೆ, ನಾವು ಹೇಳಿದ್ದು ಅದಕ್ಕೆ ಕೇಳುವುದಿಲ್ಲ. ಮೇಲಿಂದ ಕ್ಯಾರವಾನಿನ ತಗಡಿನ ಮೈ ಆ ಪಿಸುಮಾತನ್ನೂ ತಡೆಯುತ್ತದೆ.

ಮೊದಲ ಉಪಾಯ ನಮ್ಮೂರಿನವರಿಗೆ ಹೊಸದಲ್ಲ. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗಾಗಿ ಗುಡ್ಡ ಹತ್ತಿ, ಮಳೆಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಂಡು ಕುಳಿತದ್ದು ನೆನಪಿರಬಹುದು. ಇಲ್ಲಿಯೂ ಅದೇ ಲೆಕ್ಕ: ವಾಹನದಿಂದ ಹೊರಗೆ ಬನ್ನಿ, ಎತ್ತರದ ಜಾಗಕ್ಕೆ ಹೋಗಿ. ಎರಡನೆಯದು, ಬೇರೆ ಬೇರೆ ಕಂಪನಿಯ ಎರಡು ಸಿಮ್. ಒಮಾನ್‌ಟೆಲ್ ಸಿಗದ ತಿರುವಿನಲ್ಲಿ ಉರೀಡು ಸಿಗಬಹುದು, ಇನ್ನೊಂದು ಕಡೆ ಅದು ಉಲ್ಟಾ ಆಗಬಹುದು. ಮೂರನೆಯದು, ಪದೇಪದೇ ಹೋಗುವವರಿಗೆ: ಚಾವಣಿಯ ಮೇಲೆ ಆಂಟೆನಾ ಕೂರಿಸಿ, ಒಳಗೆ ಸಿಮ್ ಹಾಕುವ 4ಜಿ ರೂಟರ್ ಇಟ್ಟುಕೊಳ್ಳುವುದು. ತಗಡಿನ ತೊಂದರೆ ತಪ್ಪುತ್ತದೆ. ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಗಳ ವಿಷಯ ಬೇರೆ. ಅವು ಟವರ್‌ಗಳ ಕೆಲಸಕ್ಕೇ ಅಡ್ಡಿಯಾಗಬಲ್ಲವು. ಅನುಮತಿ ಇದೆಯೇ ಎಂದು ಕೇಳದೆ ಕೊಳ್ಳಬೇಡಿ.

ಸಿಗ್ನಲ್ ತೀರಾ ದುರ್ಬಲವಾಗಿದ್ದಾಗ ವಾಟ್ಸ್‌ಆ್ಯಪ್‌ನ ಗಡಿಯಾರದ ಚಿಹ್ನೆಯನ್ನೇ ನೋಡುತ್ತ ಕೂರುವ ಬದಲು ಹಳೆಯ ಎಸ್‌ಎಂಎಸ್ ಕಳುಹಿಸಿ ನೋಡಿ. ಅದಕ್ಕೆ ಇಂಟರ್ನೆಟ್ಟೇ ಬೇಡ, ಕ್ಷಣಮಾತ್ರ ಸಿಗ್ನಲ್ ಸಿಕ್ಕಿದರೂ ದಾಟಿಹೋಗುತ್ತದೆ. ಸಿಗ್ನಲ್ ಇಲ್ಲದ ಜಾಗದಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಇಲ್ಲದಿದ್ದರೆ ಟವರ್ ಹುಡುಕುತ್ತಲೇ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ.

ದಾರಿಗೆ ಇಂಟರ್ನೆಟ್ ಬೇಡ

ನೆಟ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಎಂದು ತಿಳಿದವರು ಬಹಳ. ಇದು ಸರಿಯಲ್ಲ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಫೋನ್ ಕೇಳಿಸಿಕೊಂಡು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಅದಕ್ಕೆ ಸಿಮ್ ಕೂಡ ಬೇಡ. ನೆಟ್ ಬೇಕಾಗುವುದು ಭೂಪಟದ ಚಿತ್ರಕ್ಕೆ ಮಾತ್ರ. ಅದನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡರೆ ಮುಗಿಯಿತು. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಭೂಪಟದ ಸೌಲಭ್ಯವಿದೆ. ಮಣ್ಣುದಾರಿ, ವಾದಿಯ ದಾರಿಗಳಿಗೆ ಓಸ್ಮ್ಯಾಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಜೊತೆಗಿದ್ದರೆ ಒಳ್ಳೆಯದು. ಇಳಿಸಿಕೊಂಡ ಮೇಲೆ ಮನೆಯಲ್ಲೇ ನೆಟ್ ಆಫ್ ಮಾಡಿ, ಭೂಪಟ ತೆರೆಯುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ.

ಗೂಗಲ್ ಅನುವಾದದ ಅರಬ್ಬಿ ಭಾಷೆಯನ್ನೂ ಹೀಗೆಯೇ ಇಳಿಸಿಡಬಹುದು. ಪಾಸ್‌ಪೋರ್ಟ್, ರೆಸಿಡೆಂಟ್ ಕಾರ್ಡ್, ವಾಹನದ ಮುಲ್ಕಿಯಾ, ವಿಮೆ, ವೈದ್ಯರ ಚೀಟಿ ಇವುಗಳ ಫೋಟೊ ಫೋನಿನೊಳಗೇ ಇರಲಿ. ಗೂಗಲ್ ಡ್ರೈವ್‌ನಲ್ಲಿ ಇಟ್ಟದ್ದು ಮರುಭೂಮಿಯ ನಡುವೆ ತೆರೆಯುವುದಿಲ್ಲ.

ಸಹಾಯಕ್ಕೆ ಕರೆಯುವಾಗ ಬೇಕಾಗುವುದು ಅಕ್ಷಾಂಶ, ರೇಖಾಂಶ. "ಹೈಮಾ ದಾಟಿ ಬಲಗಡೆ ಒಂದು ಒಂಟಿ ಮರ" ಎಂದರೆ ಯಾರೂ ಬರಲಾರರು. ಭೂಪಟದಲ್ಲಿ ನೀವಿರುವ ಜಾಗವನ್ನು ಒತ್ತಿ ಹಿಡಿದರೆ ಅಂಕಿಗಳು ಕಾಣಿಸುತ್ತವೆ. ಅದನ್ನು ಓದಿ ಹೇಳುವುದನ್ನು ಮನೆಯ ಮಕ್ಕಳಿಗೂ ಕಲಿಸಿ. ಒಮಾನ್‌ನಲ್ಲಿ ತುರ್ತು ಸಂಖ್ಯೆ 9999, ಎಮಿರೇಟ್ಸ್‌ನಲ್ಲಿ ಪೊಲೀಸ್ 999, ಆಂಬುಲೆನ್ಸ್ 998. ನಮ್ಮ ಸಿಮ್‌ನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ, ಅದರ ಮೂಲಕ 112ಕ್ಕೆ ಕರೆ ಮಾಡಲು ಫೋನ್ ಪ್ರಯತ್ನಿಸುತ್ತದೆ. "ನೋ ಸರ್ವಿಸ್" ಎಂದು ಕಂಡ ಕೂಡಲೇ ಕೈಚೆಲ್ಲಬೇಡಿ.

ಆಕಾಶದ ದಾರಿ

ಯಾವ ಟವರೂ ಇಲ್ಲದ ಕಡೆ ಉಳಿಯುವುದು ಉಪಗ್ರಹ ಒಂದೇ. ಇದರಲ್ಲಿ ಎರಡು ಬಗೆ. ಎಮಿರೇಟ್ಸ್ ಮೂಲದ ತುರಾಯಾ ಫೋನುಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವ ಉಪಗ್ರಹವನ್ನು ನಂಬಿವೆ. ನಮ್ಮ ಮಾತು ಮೇಲೆ ಹೋಗಿ ಕೆಳಗೆ ಬರಲು ಸುಮಾರು ಕಾಲು ಸೆಕೆಂಡ್ ಬೇಕು, ಉತ್ತರಕ್ಕೆ ಇನ್ನೊಂದು ಕಾಲು ಸೆಕೆಂಡ್. ಮಾತಾಡಲು ಅಡ್ಡಿಯಿಲ್ಲ, ವಿಡಿಯೊ ಕರೆಯ ಆಸೆ ಬೇಡ. ಸ್ಟಾರ್‌ಲಿಂಕ್‌ನ ಉಪಗ್ರಹಗಳು ಇರುವುದು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ. ಆದ್ದರಿಂದ ಅದು ಮನೆಯ ಇಂಟರ್ನೆಟ್ಟಿನಂತೆಯೇ ಕೆಲಸ ಮಾಡುತ್ತದೆ. ಆದರೆ ತಟ್ಟೆಗೆ ಬಯಲಾದ ಆಕಾಶ ಕಾಣಬೇಕು. ಕಡಿದಾದ ವಾದಿಯೊಳಗೆ ಅದೂ ತಡವರಿಸುತ್ತದೆ.

ಹಣಕ್ಕಿಂತ ಮೊದಲು ಕೇಳಬೇಕಾದದ್ದು ಕಾನೂನು. ಇಂಥ ಸಾಧನಕ್ಕೆ ಪ್ರತಿ ದೇಶದ ದೂರಸಂಪರ್ಕ ಇಲಾಖೆಯ ಒಪ್ಪಿಗೆ ಬೇಕು. ಒಂದು ದೇಶದಲ್ಲಿ ಕೊಂಡದ್ದು ಗಡಿಯಾಚೆ ತೊಂದರೆಯಾಗಬಹುದು. ಭಾರತದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ತುರಾಯಾ, ಇರಿಡಿಯಂ ಫೋನ್‌ಗಳನ್ನು ಭಾರತದೊಳಗೆ ಒಯ್ಯುವಂತಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಚಿಕ್ಕ ಸಾಧನವಿದ್ದ ಪ್ರವಾಸಿಗರನ್ನೂ ವಿಮಾನ ನಿಲ್ದಾಣದಲ್ಲಿ ತಡೆದದ್ದುಂಟು. ಸಲಾಲಕ್ಕೆಂದು ಕೊಂಡದ್ದನ್ನು ರಜೆಯಲ್ಲಿ ಊರಿನವರಿಗೆ ತೋರಿಸಲು ಸೂಟ್‌ಕೇಸಿಗೆ ಹಾಕಬೇಡಿ. ಹೊಸ ಐಫೋನ್‌ಗಳಲ್ಲಿರುವ ಉಪಗ್ರಹ ತುರ್ತು ಸಂದೇಶದ ಸೌಲಭ್ಯವೂ ಎಲ್ಲ ದೇಶಗಳಲ್ಲಿ ಇಲ್ಲ. ನೀವು ಹೋಗುವ ದೇಶ ಆ ಪಟ್ಟಿಯಲ್ಲಿದೆಯೇ ನೋಡಿಕೊಂಡೇ ನಂಬಿ.

ಬ್ಯಾಟರಿ ಮೊದಲು ಯಾರಿಗೆ?

ನಮ್ಮ ತಂಡದಲ್ಲಿ ಭಾವ ಇನ್ಸುಲಿನ್ ತೆಗೆದುಕೊಳ್ಳುವವರು. ಔಷಧ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಕ್ಯಾರವಾನಿನ ಕರೆಂಟ್ ಲೆಕ್ಕ ಶುರುವಾಗುವುದೇ ಅಲ್ಲಿಂದ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಬಾರದು. ಬಳಕೆಯಲ್ಲಿರುವ ಪೆನ್ ಸಾಮಾನ್ಯವಾಗಿ 30 ಡಿಗ್ರಿ ಮೀರದ ಜಾಗದಲ್ಲಿ ನಾಲ್ಕು ವಾರ ಬರುತ್ತದೆ. ನಿಮ್ಮ ಔಷಧದ ಜೊತೆಗಿರುವ ಚೀಟಿಯಲ್ಲಿ ಖಚಿತ ಮಾಡಿಕೊಳ್ಳಿ. ಬೇಸಿಗೆಯಲ್ಲಿ ನಿಂತ ವಾಹನದೊಳಗೆ 30 ಡಿಗ್ರಿ ಅಂದರೆ ಕನಸಿನ ಮಾತು. ಹಾಗಾಗಿ ಚಿಕ್ಕ ಫ್ರಿಜ್ ಬೇಕೇ ಬೇಕು.

ಈಗ ಲೆಕ್ಕ ನೋಡಿ. 12 ವೋಲ್ಟ್, 100 ಆಂಪಿಯರ್ ಅವರ್‌ನ ಬ್ಯಾಟರಿಯಲ್ಲಿ 1,200 ವ್ಯಾಟ್ ಅವರ್ ಇರುತ್ತದೆ. ಸಾಧಾರಣ ಸೀಸದ ಬ್ಯಾಟರಿಯಾದರೆ ಅರ್ಧ ಬಳಸುವುದೇ ಕ್ಷೇಮ, ಅಂದರೆ 600. ಉಪಗ್ರಹದ ಚಿಕ್ಕ ತಟ್ಟೆ 40 ವ್ಯಾಟ್ ತಿಂದರೆ ಅದೊಂದೇ 15 ಗಂಟೆಯಲ್ಲಿ ಎಲ್ಲವನ್ನೂ ಮುಗಿಸುತ್ತದೆ. ಫ್ರಿಜ್ ಕೂಡ ಅದೇ ಬ್ಯಾಟರಿಯದ್ದು. ಆದ್ದರಿಂದ ನಮ್ಮಲ್ಲಿ ಒಂದು ನಿಯಮ: ಫ್ರಿಜ್‌ಗೆ ರಜೆಯಿಲ್ಲ, ಇಂಟರ್ನೆಟ್ ದಿನಕ್ಕೆ ಎರಡು ಸಲ. ಮಕ್ಕಳು ಮೊದಲ ದಿನ ಮುಖ ಊದಿಸಿಕೊಂಡರು, ಮೂರನೇ ದಿನಕ್ಕೆ ಇಸ್ಪೀಟಿನಲ್ಲಿ ನಮ್ಮನ್ನೇ ಸೋಲಿಸುತ್ತಿದ್ದರು.

ತೋಳಿಗೆ ಅಂಟಿಸುವ ಸಕ್ಕರೆ ಸೆನ್ಸರ್ ಬಳಸುವವರಿಗೆ ಒಂದು ಮಾತು. ಸೆನ್ಸರ್ ಫೋನಿನೊಂದಿಗೆ ಮಾತಾಡುವುದು ಬ್ಲೂಟೂತ್‌ನಲ್ಲಿ. ನೆಟ್ ಇಲ್ಲದಿದ್ದರೂ ನಿಮಗೆ ಸಂಖ್ಯೆ ಕಾಣುತ್ತದೆ. ನಿಲ್ಲುವುದು ದೂರದಲ್ಲಿರುವ ಮಗಳೋ ಮಗನೋ ಅದನ್ನು ತಮ್ಮ ಫೋನಿನಲ್ಲಿ ನೋಡುವ ಸೌಲಭ್ಯ. ಅವರಿಗೆ ಮೊದಲೇ ಹೇಳಿಡಿ. ದಾರಿಯಲ್ಲಿ ಆ್ಯಪ್‌ನಿಂದ ಲಾಗ್‌ಔಟ್ ಆಗಬೇಡಿ, ಬೆರಳು ಚುಚ್ಚಿ ನೋಡುವ ಹಳೆಯ ಮೀಟರ್ ಕೂಡ ಜೊತೆಗಿರಲಿ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನ್ ಕಾವೇರಿ ತಾನಾಗಿಯೇ ನಿಂತುಬಿಡುತ್ತದೆ, ಆಗ ಭೂಪಟವೂ ಇಲ್ಲ, ಸಕ್ಕರೆಯ ಸಂಖ್ಯೆಯೂ ಇಲ್ಲ.

ಫ್ರಿಜ್ ಬಾಗಿಲಿನ ಹಾಳೆ

ನಮ್ಮಂಥ ಅನಿವಾಸಿಗಳಿಗೆ ಎಲ್ಲಕ್ಕಿಂತ ದೊಡ್ಡ ಆತಂಕ ಮರುಭೂಮಿಯದ್ದಲ್ಲ, ಊರಿನದ್ದು. ನಾವಿಲ್ಲಿ ಸಿಗ್ನಲ್ ಇಲ್ಲದೆ ಕುಳಿತಾಗ ಅಲ್ಲಿ ಏನಾದರೂ ಆದರೆ?

ಎರಡು ವರ್ಷದ ಹಿಂದೆ ಹಾಗೇ ಆಯಿತು. ಹಿಂತಿರುಗುವಾಗ ಕಡಲ ಕಡೆಯ ರಸ್ತೆ ಹಿಡಿದು ವಾದಿ ಶುವೈಮಿಯಾದೊಳಗೆ ಒಂದು ರಾತ್ರಿ ತಂಗಿದ್ದೆವು. ಎರಡೂ ಕಡೆ ಗೋಡೆಯಂಥ ಬಂಡೆ, ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ಅದೇ ರಾತ್ರಿ ಊರಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಹೃದಯದ ಬಡಿತದ ತೊಂದರೆಗೆ ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಂಥವರಿಗೆ ತಲೆಗೆ ಪೆಟ್ಟಾದರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತಸ್ರಾವದ ಭಯವಿರುತ್ತದೆ. ವೈದ್ಯರಿಗೆ ಮೊದಲು ತಿಳಿಯಬೇಕಾದದ್ದೇ ಆ ಮಾತ್ರೆಯ ವಿಷಯ.

ತಂಗಿ ನನಗೆ ಮೂರು ಸಲ ಫೋನ್ ಮಾಡಿದ್ದಾಳೆ, ಸಿಕ್ಕಿಲ್ಲ. ಆದರೆ ಅಮ್ಮನ ಮಾತ್ರೆಗಳ ಹೆಸರು, ಪ್ರಮಾಣ, ಯಾವುದಕ್ಕಾಗಿ ಎಂದು ಬರೆದ ಹಾಳೆ ಫ್ರಿಜ್ ಬಾಗಿಲಿಗೆ ಅಂಟಿಸಿಯೇ ಇತ್ತು. ಅದನ್ನು ಕಿತ್ತುಕೊಂಡು ಆಸ್ಪತ್ರೆಗೆ ಹೋದಳು. ವೈದ್ಯರು ನೋಡಿದವರೇ ತಲೆಯ ಸ್ಕ್ಯಾನ್ ಮಾಡಿಸಿದರು. ಪುಣ್ಯಕ್ಕೆ ಒಳಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ವಾದಿಯಿಂದ ಹೊರಬಂದಾಗ ಸಾಲಾಗಿ ಬಂದ ಸಂದೇಶಗಳಲ್ಲಿ ಕೊನೆಯದು: "ಅಣ್ಣ, ಅಮ್ಮ ಆರಾಮಿದ್ದಾರೆ. ನಿಧಾನ ಗಾಡಿ ಓಡಿಸು."

ಆ ರಾತ್ರಿ ನನ್ನ ಹತ್ತಿರ ಉಪಗ್ರಹ ಫೋನ್ ಇದ್ದಿದ್ದರೂ ನಾನು ಹೇಳಬಹುದಾದದ್ದು ಆ ಹಾಳೆಯಲ್ಲಿ ಇದ್ದಷ್ಟೇ.

ಹಾಳೆಯ ಇನ್ನೊಂದು ಬದಿ ಪ್ರಯಾಣದ್ದು. ಯಾವ ದಿನ ಯಾವ ದಾರಿ, ರಾತ್ರಿ ಎಲ್ಲಿ, ವಾಹನದ ನಂಬರ್, ಜೊತೆಗಿರುವವರ ಫೋನ್, ಮಸ್ಕತ್‌ನಲ್ಲಿ ಉಳಿದಿರುವ ಒಬ್ಬ ಗೆಳೆಯರ ಫೋನ್. ಮುಖ್ಯವಾಗಿ ಎರಡು ಸಮಯ ಬರೆಯಿರಿ. ಒಂದು, ಎಷ್ಟು ಗಂಟೆಗೆ ನಮ್ಮ ಸಂದೇಶ ಬರಬಹುದು. ಇನ್ನೊಂದು, ಎಷ್ಟು ಗಂಟೆಯವರೆಗೆ ಬರದಿದ್ದರೆ ಮಸ್ಕತ್‌ನ ಗೆಳೆಯರಿಗೆ ಫೋನ್ ಮಾಡಬೇಕು. ಎರಡನ್ನೂ ಭಾರತದ ಸಮಯದಲ್ಲೇ ಬರೆಯಿರಿ. ನಮ್ಮ ಸಂಜೆ 7 ಅಂದರೆ ಅಲ್ಲಿ ರಾತ್ರಿ 8.30. ಅಷ್ಟು ಹೊತ್ತು ಹೆಚ್ಚು ಕಾಯುವುದೂ ವಯಸ್ಸಾದವರಿಗೆ ಕಷ್ಟ. "ಫೋನ್ ಬರದಿದ್ದರೆ ಹೆದರಬೇಡಿ" ಎಂದರೆ ಯಾವ ತಾಯಿಯೂ ಕೇಳುವುದಿಲ್ಲ. "ನಾಳೆ ಹತ್ತು ಗಂಟೆಯವರೆಗೆ ಹೆದರಬೇಡಿ" ಎಂದರೆ ಕೇಳುತ್ತಾರೆ. ಹತ್ತಕ್ಕೆ ಮೊದಲು ಸಂದೇಶ ಕಳುಹಿಸುವ ಜವಾಬ್ದಾರಿ ನಮ್ಮದು.

ಬರ್ಟ್ರಾಂ ಥಾಮಸ್ 1930ರ ಡಿಸೆಂಬರ್‌ನಲ್ಲಿ ಸಲಾಲದಿಂದ ಹೊರಟು, ಒಂಟೆಗಳ ಮೇಲೆ ರುಬ್ ಅಲ್ ಖಾಲಿಯನ್ನು ದಾಟಿ, 1931ರ ಫೆಬ್ರುವರಿಯಲ್ಲಿ ದೋಹಾ ತಲುಪಿದರು. ಅವರಿಗೆ ಬೇಕಾದದ್ದು ನೀರು ಮತ್ತು ದಾರಿ ಬಲ್ಲ ಬೆದೂಯಿನರು. ನಮಗೂ ಮೊದಲು ಬೇಕಾದದ್ದು ನೀರೇ. ತಲೆಗೆ ದಿನಕ್ಕೆ ಐದು ಲೀಟರ್‌ನಂತೆ ತುಂಬಿಸಿಕೊಳ್ಳಿ, ಎರಡು ದಿನದ್ದು ಹೆಚ್ಚಿಗೆ ಇರಲಿ. ಆಮೇಲೆ ಭೂಪಟ, ಔಷಧ, ಎರಡು ಸಿಮ್. ಹಾಳೆಯನ್ನು ಮಾತ್ರ ಇವತ್ತೇ ಬರೆದು, ಫೋಟೊ ತೆಗೆದು ಊರಿಗೆ ಕಳುಹಿಸಿ. ಅದಕ್ಕೆ ಖರೀಫ್ ಬರುವವರೆಗೆ ಕಾಯಬೇಕಾಗಿಲ್ಲ.