ಬಲೆಗೆ ಬೀಳುವ ಪುಟ್ಟ ಬೆಕ್ಕುಶಾರ್ಕ್

ಶಾರ್ಕ್ ಎಂದೊಡನೆ ಮಕ್ಕಳ ಕಣ್ಣಿಗೆ ಕಟ್ಟುವುದು ಗರಗಸದಂಥ ಹಲ್ಲುಗಳ ದೈತ್ಯ ಮೀನು. ಆದರೆ ಶಾಲಾ ಚೀಲದೊಳಗಿನ ಸ್ಕೇಲಿನಷ್ಟೇ, ಅಂದರೆ ಸುಮಾರು ಒಂದಡಿ ಉದ್ದ ಬೆಳೆಯುವ ಶಾರ್ಕ್ ಕೂಡ ನಮ್ಮ ಅರಬ್ಬೀ ಸಮುದ್ರದಲ್ಲಿದೆ. ಕೇರಳದ ಕೊಲ್ಲಂ ಎದುರಿನ ಆಳದಲ್ಲಿ ಸಿಗಡಿಗಾಗಿ ಎಳೆಯುವ ಟ್ರಾಲ್ ಬಲೆಗಳಿಗೆ ಇದು ಬೀಳುತ್ತದೆ.

ಇದರ ವೈಜ್ಞಾನಿಕ ಹೆಸರು ಬೈಥೀಲ್ಯೂರಸ್ ಹಿಸ್ಪಿಡಸ್. ಗ್ರೀಕ್‌ನಲ್ಲಿ ‘ಬೈಥೋಸ್’ ಎಂದರೆ ಆಳ, ‘ಐಲುರೋಸ್’ ಎಂದರೆ ಬೆಕ್ಕು. ಬೆಕ್ಕಿನ ಕಣ್ಣಿನಂತೆ ಉದ್ದನೆಯ ಕಣ್ಣುಗಳಿರುವುದರಿಂದ ಈ ಗುಂಪಿಗೇ ಬೆಕ್ಕುಶಾರ್ಕ್ ಎಂಬ ಹೆಸರು ಬಂತು. ‘ಇನ್ವೆಸ್ಟಿಗೇಟರ್’ ಎಂಬ ಸಮೀಕ್ಷಾ ಹಡಗಿನಲ್ಲಿ ವೈದ್ಯರೂ ಪ್ರಾಣಿತಜ್ಞರೂ ಆಗಿದ್ದ ಆಲ್ಫ್ರೆಡ್ ಆಲ್ಕಾಕ್ ಅಂಡಮಾನ್ ಸಮುದ್ರದಲ್ಲಿ ಸಿಕ್ಕ ಮೀನನ್ನು ನೋಡಿ 1891ರಲ್ಲಿ ಇದನ್ನು ವರ್ಣಿಸಿದರು.

ಗುರುತಿಸುವುದು ಹೇಗೆ? ಮೊದಲು ಬೆನ್ನನ್ನು ನೋಡಬೇಕು. ಅಲ್ಲಿರುವ ಎರಡು ಸಣ್ಣ ಈಜುರೆಕ್ಕೆಗಳ ಮುಂದೆ ಮುಳ್ಳಿರುವುದಿಲ್ಲ. ಮೊದಲನೆಯದು ದೇಹದ ನಡುವಿಗಿಂತ ಸಾಕಷ್ಟು ಹಿಂದೆ, ಸೊಂಟದ ರೆಕ್ಕೆಗಳ ಹತ್ತಿರವೇ ಇರುತ್ತದೆ. ಇನ್ನು ಹೊಟ್ಟೆಯ ಕಡೆ ತಿರುಗಿಸಿದರೆ ಬಾಲಕ್ಕೆ ಮುಂಚೆ ಗುದದ ಈಜುರೆಕ್ಕೆ ಕಾಣುತ್ತದೆ. ಅದೇ ಬಲೆಗೆ ಬೀಳುವ ಮುಳ್ಳುಶಾರ್ಕ್‌ಗಳಿಗೆ ಬೆನ್ನಿನ ರೆಕ್ಕೆಯ ಮುಂದೆ ಮುಳ್ಳಿರುತ್ತದೆ, ಗುದದ ರೆಕ್ಕೆ ಇರುವುದಿಲ್ಲ. ಇಷ್ಟು ತಿಳಿದರೆ ಅರ್ಧ ಗೊಂದಲ ಮುಗಿಯಿತು.

ಉಳಿದರ್ಧಕ್ಕೆ ಕಾರಣ ಕ್ವಾಗ್ಗ ಬೆಕ್ಕುಶಾರ್ಕ್. ಮಲಬಾರ್ ಕರಾವಳಿಯಿಂದ ಬಂದ ಈ ಮೀನನ್ನು ವರ್ಣಿಸಿದವರೂ ಆಲ್ಕಾಕ್ ಅವರೇ, 1899ರಲ್ಲಿ. ಅದರ ಮೈಮೇಲೆ ಜೀಬ್ರಾದಂತೆ ಇಪ್ಪತ್ತಕ್ಕೂ ಹೆಚ್ಚು ಕಪ್ಪು ಪಟ್ಟೆಗಳು, ಮೂತಿ ಚೂಪು. ಹಿಸ್ಪಿಡಸ್‌ನ ಮೂತಿ ಮೊಂಡು, ಮೈ ತಿಳಿಗಂದು, ಪಟ್ಟೆಗಳಿದ್ದರೂ ಮಾಸಲು. ಬಣ್ಣವೊಂದನ್ನೇ ನಂಬುವುದು ತರವಲ್ಲ, ಸತ್ತ ಮೀನಿನ ಬಣ್ಣ ಬೇಗ ಕೆಡುತ್ತದೆ.

ಇದರ ಆಹಾರ ಸಣ್ಣ ಮೀನು, ಸಿಗಡಿ ಜಾತಿಯ ಜೀವಿಗಳು, ಕಣವೆ ಮೀನು. ವಾಸ ಮುನ್ನೂರು ಮೀಟರಿಗಿಂತ ಆಳದ ಕತ್ತಲಲ್ಲಿ. ಬೆಕ್ಕುಶಾರ್ಕ್‌ಗಳಲ್ಲಿ ಹೆಚ್ಚಿನವು ಗಟ್ಟಿ ಚೀಲದಂಥ ಮೊಟ್ಟೆಗಳನ್ನಿಟ್ಟು ಹೋಗುತ್ತವೆ. ಹಿಸ್ಪಿಡಸ್ ಮಾತ್ರ ಮರಿ ಹಾಕುತ್ತದೆ. ಎರಡು ಗರ್ಭಕೋಶಗಳಲ್ಲಿ ಒಂದೊಂದರಂತೆ ಒಂದು ಬಸಿರಿಗೆ ಸಾಮಾನ್ಯವಾಗಿ ಎರಡೇ ಮರಿ. ಸಾವಿರಗಟ್ಟಲೆ ಮೊಟ್ಟೆಯಿಡುವ ಬೂತಾಯಿ, ಬಂಗುಡೆಯ ಲೆಕ್ಕ ಇದಕ್ಕೆ ಸಲ್ಲದು. ಸಿಗಡಿ ಆರಿಸಿದ ಮೇಲೆ ಉಳಿಯುವ ರಾಶಿಯಲ್ಲಿ ಹಿಸ್ಪಿಡಸ್ ಎಷ್ಟು, ಕ್ವಾಗ್ಗ ಎಷ್ಟು ಎಂದು ಬಿಡಿಸಿ ಬರೆಯದೆ ‘ಸಣ್ಣ ಶಾರ್ಕ್’ ಎಂದಷ್ಟೇ ಬರೆದರೆ, ಯಾವುದು ಕಡಿಮೆಯಾಗುತ್ತಿದೆ ಎಂಬುದು ಪುಸ್ತಕದಲ್ಲಿ ಕಾಣುವುದೇ ಇಲ್ಲ.