ಮನೆಯಲ್ಲಿ ಪನೀರು: ಮೊದಲು ವಿದ್ಯೆ, ಆಮೇಲೆ ಸಾಮಾನು



ಡೇರಿಗೆ ಹಾಕಿ ಉಳಿದ ಹಾಲನ್ನು ಏನು ಮಾಡಬೇಕೆಂಬುದು ಅಕ್ಕಲಕೋಟ, ಮೈಂದರ್ಗಿ, ದುಧನಿ, ನಾಗಣಸೂರ ಕಡೆಯ ಹೈನಿನ ಮನೆಗಳಿಗೆ ಹೊಸ ಪ್ರಶ್ನೆಯಲ್ಲ. ಹೆಪ್ಪು ಹಾಕುತ್ತೇವೆ, ಬೆಣ್ಣೆ ತೆಗೆಯುತ್ತೇವೆ, ಖವಾ ಕಾಸುತ್ತೇವೆ, ಹಬ್ಬಕ್ಕೆ ಮೊಸರು ಕಟ್ಟಿ ಚಕ್ಕಾ ಮಾಡುತ್ತೇವೆ. ಎಮ್ಮೆ ಈದಾಗ ನಮ್ಮಲ್ಲಿ ಗಿಣ್ಣ, ಮರಾಠಿ ನೆರೆಯವರಲ್ಲಿ ಖರವಸ. ಇವೆಲ್ಲ ಹಾಲನ್ನು ಗಟ್ಟಿ ಮಾಡುವ ವಿದ್ಯೆಗಳೇ. ಪನೀರು ಮತ್ತು ಚೀಜು ಇದೇ ಬಳಗಕ್ಕೆ ಸೇರಿದವು. ಇವನ್ನು ಕಲಿಯುವುದೆಲ್ಲಿ, ಬೇಕಾದ ಸಾಮಾನು ಯಾವುದು ಎಂಬುದೇ ಇಂದಿನ ಮಾತು.

ಹಾಲಿನ ವಿಷಯದಲ್ಲಿ ನಾವು ಭಾಗ್ಯವಂತರು. ಕತ್ತಿಯಂತೆ ಉದ್ದ ಕೋಡಿನ ಪಂಢರಪುರಿ ಎಮ್ಮೆ ನಮ್ಮ ಸೊಲ್ಲಾಪುರ ಜಿಲ್ಲೆಯದೇ ತಳಿ. ಎಮ್ಮೆ ಹಾಲಿನಲ್ಲಿ ನೂರಕ್ಕೆ ಸುಮಾರು 7ರಷ್ಟು ಕೊಬ್ಬಿರುತ್ತದೆ. ಆದ್ದರಿಂದ ಪನೀರು ಮೆತ್ತಗೂ ಗಟ್ಟಿಯಾಗಿಯೂ ಬರುತ್ತದೆ. ಇಟಲಿಯ ಹೆಸರಾಂತ ಮೊಝರೆಲ್ಲಾ ಚೀಜು ಕೂಡ ಮೂಲತಃ ಎಮ್ಮೆ ಹಾಲಿನದೇ. ನಮ್ಮ ಕೊಟ್ಟಿಗೆಯ ಹಾಲಿನಿಂದ ಅದನ್ನು ಮಾಡಲಾಗದು ಎಂಬ ಅಳುಕು ಬೇಡ.

ಹಾಲು ಗಟ್ಟಿಯಾಗುವುದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಹುಳಿ. ಕಾದ ಹಾಲಿಗೆ ಹುಳಿ ಬಿದ್ದರೆ ಅದರ ಪ್ರೋಟೀನು ಕೊಬ್ಬನ್ನು ಹಿಡಿದುಕೊಂಡು ಗಡ್ಡೆಯಾಗುತ್ತದೆ, ನೀರು ಬೇರೆಯಾಗುತ್ತದೆ. ಇದು ಪನೀರು. ಎರಡನೆಯದು ರೆನೆಟ್ ಎಂಬ ಕಿಣ್ವ. ಉಗುರು ಬೆಚ್ಚಗಿನ, ಅಂದರೆ 32ರಿಂದ 35 ಡಿಗ್ರಿಯ ಹಾಲಿಗೆ ಇದನ್ನು ಹಾಕಿದರೆ ಹಾಲು ಹುಳಿಯಾಗದೆಯೇ ಮೊಸರಿನಂತೆ ಕಟ್ಟುತ್ತದೆ. ಹೆಚ್ಚಿನ ಚೀಜುಗಳು ಹುಟ್ಟುವುದು ಹೀಗೆ. ಹಿಂದೆ ರೆನೆಟ್ಟನ್ನು ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು, ಈಗಲೂ ಕೆಲವು ದೇಶಗಳಲ್ಲಿ ತೆಗೆಯುತ್ತಾರೆ. ಶಾಕಾಹಾರಿ ಮನೆಗಳವರು ಗಾಬರಿಯಾಗಬೇಕಿಲ್ಲ. ಬೂಷ್ಟಿನಿಂದ ತಯಾರಾದ ರೆನೆಟ್ ಸಿಗುತ್ತದೆ. ಕೊಳ್ಳುವಾಗ ಚೀಟಿಯ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ.

ಕಲಿಯುವವರು ಪನೀರಿನಿಂದಲೇ ಆರಂಭಿಸುವುದು ಕ್ಷೇಮ. ಇದಕ್ಕೆ ಬೇಕಾದ ಸಾಮಾನಿನಲ್ಲಿ ಮುಕ್ಕಾಲು ಪಾಲು ಅಡಿಗೆಮನೆಯಲ್ಲೇ ಇದೆ. ದಪ್ಪ ತಳದ ಸ್ಟೀಲು ಪಾತ್ರೆ, ಜರಡಿ, ತೆಳುವಾದ ಮಲ್‌ಮಲ್ ಬಟ್ಟೆ. ಚಾದರದ ಊರಿನವರಿಗೆ ಬಟ್ಟೆಯ ಬಗ್ಗೆ ನಾನು ಹೇಳಬೇಕಾಗಿಲ್ಲ, ಬಣ್ಣವಿಲ್ಲದ್ದಿರಲಿ, ಪ್ರತಿ ಸಲ ಕುದಿಸಿ ಒಣಗಿಸಿದ್ದಿರಲಿ. ಹೊಸದಾಗಿ ಕೊಳ್ಳಬೇಕಾದವು ಎರಡೇ. ಒಂದು, 100 ಡಿಗ್ರಿಯವರೆಗೆ ತೋರಿಸುವ ಡೇರಿ ಥರ್ಮಾಮೀಟರು. ಜ್ವರ ನೋಡುವ ಥರ್ಮಾಮೀಟರು ಇಲ್ಲಿ ನಡೆಯದು, ಒಡೆದು ಹೋಗುತ್ತದೆ. ಇನ್ನೊಂದು ಸಿಟ್ರಿಕ್ ಆಮ್ಲ. ಇದನ್ನೇ ನಾವು ನಿಂಬೆ ಉಪ್ಪು ಎನ್ನುತ್ತೇವೆ, ಮರಾಠಿಯಲ್ಲಿ ಲಿಂಬೂಸತ್ತ್ವ. ಕಿರಾಣಿ ಅಂಗಡಿಯಲ್ಲಿ ತಿನ್ನಲು ಯೋಗ್ಯವೆಂದು ಬರೆದ ಪೊಟ್ಟಣವನ್ನೇ ಕೇಳಿ. ಪಾತ್ರೆ ತೊಳೆಯಲು ಮಾರುವ ಸಡಿಲ ಪುಡಿ ಬೇಡ.

ಈಗ ಕ್ರಮ. ಐದು ಲೀಟರ್ ತಾಜಾ ಎಮ್ಮೆ ಹಾಲನ್ನು 90 ಡಿಗ್ರಿಗೆ ಕಾಯಿಸಿ ಕೆಳಗಿಳಿಸಿ. 75 ಡಿಗ್ರಿಗೆ ಇಳಿದಾಗ, 10 ಗ್ರಾಂ ನಿಂಬೆ ಉಪ್ಪನ್ನು ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಸ್ವಲ್ಪಸ್ವಲ್ಪವಾಗಿ ಹಾಕುತ್ತ ಮೆಲ್ಲನೆ ತಿರುವಿ. ನೀರು ತಿಳಿ ಹಸಿರು ಛಾಯೆಗೆ ಬಂದೊಡನೆ ನಿಲ್ಲಿಸಿ. ಹುಳಿ ಉಳಿದರೂ ಹಾಕಬೇಡಿ, ಹೆಚ್ಚಾದರೆ ಪನೀರು ಒರಟಾಗುತ್ತದೆ. ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ, ಭಾರ ಹೇರಿ ಕಾಲು ಗಂಟೆ ಒತ್ತಿ. ಬಳಿಕ ತುಂಡು ಮಾಡಿ, ಕುದಿಸಿ ಆರಿಸಿ ತಣ್ಣಗೆ ಮಾಡಿದ ನೀರಿನಲ್ಲಿ ಎರಡು ಗಂಟೆ ಇಡಿ. ಸೋಸಿದ ನೀರನ್ನು ಚೆಲ್ಲಬೇಡಿ. ಜೋಳದ ಹಿಟ್ಟು ನಾದಲು, ಬೇಳೆ ಸಾರಿಗೆ ಹಾಕಲು ಅದು ಒಳ್ಳೆಯದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪನೀರು ಮಾಡುವುದು ಕೆಡುತ್ತಿರುವ ಹಾಲನ್ನು ಉಳಿಸುವ ಉಪಾಯವಲ್ಲ. ಹಾಲು ತಾಜಾ ಇದ್ದರೆ ಮಾತ್ರ ಪನೀರು ಚೆನ್ನ. ಹೊರಗಿಟ್ಟರೆ ಒಂದು ದಿನ ದಾಟದು, ಫ್ರಿಜ್ಜಿನಲ್ಲಿಟ್ಟರೂ ಐದಾರು ದಿನ ಅಷ್ಟೆ. ರೆನೆಟ್ ಚೀಜನ್ನು ಹಸಿ ಹಾಲಿನಿಂದ ಮಾಡಲೇಬೇಡಿ. ರೋಗವಿರುವ ದನ-ಎಮ್ಮೆಯ ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ ಮನುಷ್ಯರಿಗೆ ಬರುತ್ತದೆ. ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಆರಿಸಿ, ಆಮೇಲೆ ರೆನೆಟ್ ಹಾಕಬೇಕು. ಬಹಳ ದಿನ ಬಾಳುವ ಡಬ್ಬದ ಹಾಲು ರೆನೆಟ್ಟಿಗೆ ಸರಿಯಾಗಿ ಕಟ್ಟುವುದಿಲ್ಲ.

ಕಲಿಯುವುದೆಲ್ಲಿ? ಮರಾಠಿಯಲ್ಲಿ ಕೇಳಲು ನಮ್ಮ ಜಿಲ್ಲೆಯಲ್ಲೇ ಎರಡು ಕೃಷಿ ವಿಜ್ಞಾನ ಕೇಂದ್ರಗಳಿವೆ, ಒಂದು ಸೊಲ್ಲಾಪುರದ ಬಳಿಯ ಖೇಡದಲ್ಲಿ, ಇನ್ನೊಂದು ಮೋಹೋಳದಲ್ಲಿ. ಹಾಲಿನ ಪದಾರ್ಥಗಳ ತರಬೇತಿ ಯಾವಾಗ ಎಂದು ಮೊದಲೇ ವಿಚಾರಿಸಿ ಹೋಗಿ. ಕನ್ನಡದಲ್ಲಿ ಕೇಳಬೇಕೆನ್ನುವವರಿಗೆ ಕಲಬುರ್ಗಿ ದೂರವಲ್ಲ, ಅಕ್ಕಲಕೋಟ ರೋಡ್ ಸ್ಟೇಷನ್ನಿನಿಂದ ಅದೇ ರೈಲು ಮಾರ್ಗ. ಅಲ್ಲಿ ಮಹಾಗಾಂವ ಕ್ರಾಸಿನಲ್ಲಿ ಬೀದರದ ಪಶು ವಿಶ್ವವಿದ್ಯಾಲಯದ ಹೈನು ವಿಜ್ಞಾನ ಕಾಲೇಜಿದೆ. ಇನ್ನೂ ದೂರ ಹೋಗಬಲ್ಲವರಿಗೆ ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ. 1923ರಲ್ಲಿ ಈ ಸಂಸ್ಥೆ ಹುಟ್ಟಿದ್ದೇ ಬೆಂಗಳೂರಿನಲ್ಲಿ, 1955ರಲ್ಲಿ ಮುಖ್ಯ ಕಚೇರಿ ಕರ್ನಾಲಕ್ಕೆ ಹೋಯಿತು. 1927ರಲ್ಲಿ ಮಹಾತ್ಮಾ ಗಾಂಧಿಯವರು ದನ ಸಾಕಣೆ ಕಲಿಯಲು ಇಲ್ಲಿಗೆ ಬರುತ್ತಿದ್ದರು. ಆಗ ಅವರಿಗೆ 57 ವರ್ಷ. ಈ ವಯಸ್ಸಿನಲ್ಲಿ ಏನು ಕಲಿಯುವುದು ಎನ್ನುವ ಅಜ್ಜಿಯರಿಗೆ ಇದನ್ನು ಹೇಳಿರಿ.

ಕೊನೆಗೆ ಲೆಕ್ಕ. ಬ್ಯಾಂಕಿನಲ್ಲಿ ಜೀವಮಾನ ಕಳೆದವನು ನಾನು, ಲೆಕ್ಕವಿಲ್ಲದೆ ಮಾತು ಮುಗಿಸಲಾರೆ. ಐದು ಲೀಟರ್ ಎಮ್ಮೆ ಹಾಲಿಗೆ ಸುಮಾರು ಒಂದು ಕಿಲೋ ಪನೀರು. ಹಾಗಾದರೆ ಹಾಲಿನ ದರವನ್ನು ಐದರಿಂದ ಗುಣಿಸಿ, ಉರುವಲು, ಹುಳಿ, ನಿಮ್ಮ ದುಡಿಮೆ ಕೂಡಿಸಿ. ಅದು ಅಸಲು. ಬಜಾರದಲ್ಲಿ ಇದಕ್ಕಿಂತ ಬಹಳ ಕಡಿಮೆಗೆ ಎಮ್ಮೆ ಹಾಲಿನ ಪನೀರೆಂದು ಮಾರುತ್ತಿದ್ದರೆ, ಕೆನೆ ತೆಗೆದದ್ದೋ ಎಣ್ಣೆ ಬೆರೆಸಿದ್ದೋ ಎಂದು ಕೇಳಿರಿ. ಎಣ್ಣೆ ಬೆರೆತದ್ದನ್ನು ಪನೀರೆಂದು ಮಾರಲು ಕಾನೂನು ಒಪ್ಪುವುದಿಲ್ಲ. ಒಂದು ತುಂಡನ್ನು ನೀರಿನಲ್ಲಿ ಕುದಿಸಿ ಆರಿಸಿ ಅಯೋಡಿನ್ ಹನಿ ಹಾಕಿ. ನೀಲಿಯಾದರೆ ಹಿಟ್ಟಿದೆ ಎಂದರ್ಥ.

ಮನೆಯ ಊಟಕ್ಕೆ ಮಾಡಿಕೊಂಡರೆ ಯಾರ ಅಪ್ಪಣೆಯೂ ಬೇಡ. ಮಾರುವುದಾದರೆ, ಎಷ್ಟೇ ಚಿಕ್ಕ ಮಾರಾಟವಿರಲಿ, 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಬೇಕು. ಕಲಿತದ್ದು ಕಲಬುರ್ಗಿಯಲ್ಲಾದರೂ ನೋಂದಣಿ ನಮ್ಮ ರಾಜ್ಯದಲ್ಲೇ, ಸೊಲ್ಲಾಪುರದ ಅನ್ನ ವ ಔಷಧ ಪ್ರಶಾಸನದವರಲ್ಲಿ ಕೇಳಬೇಕು.

ಆದ್ದರಿಂದ ಸಾಲ ತೆಗೆದು ಯಂತ್ರ ತರುವ ಮೊದಲು ಒಂದು ಥರ್ಮಾಮೀಟರು ತನ್ನಿ, ಒಂದು ತರಬೇತಿಗೆ ಹೋಗಿ ಬನ್ನಿ, ಹತ್ತು ಸಲ ಮನೆಯವರಿಗೆ ಮಾಡಿ ಬಡಿಸಿ. ಪ್ರತಿ ಸಲದ ಹಾಲು, ಹುಳಿ, ತೂಕವನ್ನು ವಹಿಯಲ್ಲಿ ಬರೆದಿಡಿ. ಹತ್ತೂ ಸಲ ತೂಕ ಸರಿ ಬಂದರೆ ಮಾರಾಟದ ವಿಚಾರ ಮಾಡಬಹುದು.