ಲಿಂಕನ್ನ ಬಲದಿಂದ ಓದಿ

ರಿಸಲ್ಟ್ ದಿನ ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ಲಿಂಕ್‌ಗಳ ಮಳೆ. ಬೀಗದ ಚಿಹ್ನೆ ಇದ್ರೆ ಸೇಫ್ ಅಂತ ತುಂಬಾ ಜನ ನಂಬಿದ್ದಾರೆ. ಬೀಗ ಅಂದ್ರೆ ಎಚ್‌ಟಿಟಿಪಿಎಸ್: ನಿಮಗೂ ಆ ಸರ್ವರ್‌ಗೂ ನಡುವಿನ ಮಾಹಿತಿಯನ್ನ ದಾರಿಯಲ್ಲಿ ಯಾರೂ ಓದೋಕಾಗಲ್ಲ, ಅಷ್ಟೇ. ಸರ್ವರೇ ಕಳ್ಳನದ್ದಾದ್ರೆ? ಅವನಿಗೂ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತೆ. ಜನ ಬೀಗವನ್ನ ತಪ್ಪಾಗಿ ಅರ್ಥ ಮಾಡ್ಕೊಳ್ತಾರೆ ಅಂತಾನೇ ಕ್ರೋಮ್ 2023ರಲ್ಲಿ ಆ ಚಿಹ್ನೆಯನ್ನ ಬದಲಾಯಿಸಿತು.

ನೋಡಬೇಕಾದ್ದು ಡೊಮೈನ್. 'ರಿಸಲ್ಟ್ಸ್ ಡಾಟ್ ವಿಟಿಯು ಡಾಟ್ ಎಸಿ ಡಾಟ್ ಇನ್' ತಗೊಳ್ಳಿ. ಅಂಚೆಯವರು ಮೊದಲು ಪಿನ್‌ಕೋಡ್ ನೋಡೋ ಹಾಗೆ ಬಲತುದಿಯಿಂದ ಓದಿ: ಇನ್ ಅಂದ್ರೆ ಭಾರತ, ಎಸಿ ಅಂದ್ರೆ ಶಿಕ್ಷಣ ಸಂಸ್ಥೆ, ಆಮೇಲೆ ವಿಟಿಯು. ಎಡಗಡೆಯ 'ರಿಸಲ್ಟ್ಸ್' ಸಬ್‌ಡೊಮೈನ್, ಡೊಮೈನ್ ಮಾಲೀಕರು ತಾವೇ ಇಟ್ಕೊಳ್ಳೋ ಹೆಸರು. ತೊಂದರೆ ಇರೋದೇ ಇಲ್ಲಿ. 'ವಿಟಿಯು ಡಾಟ್ ಎಸಿ ಡಾಟ್ ಇನ್ ಡಾಟ್ ಎಕ್ಸಾಂಪಲ್ ಡಾಟ್ ಕಾಮ್' ಅಂತಿದ್ರೆ ಅದು ವಿಟಿಯುದಲ್ಲ, ಎಕ್ಸಾಂಪಲ್ ಡಾಟ್ ಕಾಮ್‌ನವರದ್ದು. (ಈ ಹೆಸರನ್ನ ಉದಾಹರಣೆಗೆ ಅಂತಲೇ ಮೀಸಲಿಟ್ಟಿದ್ದಾರೆ, ಹೆದರಬೇಡಿ.) ಎಸಿ ಡಾಟ್ ಇನ್ ಮಾತ್ರ ದುಡ್ಡು ಕೊಟ್ಟವರಿಗೆಲ್ಲ ಸಿಗಲ್ಲ, ಶಿಕ್ಷಣ ಸಂಸ್ಥೆಗಳಿಗಷ್ಟೇ.

ಓದೋದು ಡೊಮೈನ್ ಆದಮೇಲಿನ ಮೊದಲ ಸ್ಲ್ಯಾಶ್ ತನಕ ಸಾಕು. ಅದರಾಚೆ ಇರೋದು ಪೇಜಿನ ದಾರಿ. ಫೋನಲ್ಲಿ ವಿಳಾಸ ಅರ್ಧ ಮಾತ್ರ ಕಂಡ್ರೆ ಅದರ ಮೇಲೆ ಒತ್ತಿ, ಪೂರ್ತಿ ನೋಡಿ, ಆಮೇಲೆ ಯುಎಸ್ಎನ್ ಹಾಕಿ.